ಏಳುನೂರು ಗ್ರಾಂ ಇಳಿಸಿದ್ದು

ಗಜೇಂದ್ರಗಡದ ಹೈಸ್ಕೂಲ್ ಹುಡುಗಿಯರು ಕಟ್ಟಿದ ರೋಬೋಟ್ ಏಳುನೂರು ಗ್ರಾಂ ಹೆಚ್ಚು ತೂಗಿತು. ಹದಿನೈದು ಕಿಲೋ ದಾಟಿದರೆ ಹುಬ್ಬಳ್ಳಿಯ ಸ್ಪರ್ಧೆಯಲ್ಲಿ ಅದನ್ನು ಅಂಕಣಕ್ಕೇ ಇಳಿಸುವಂತಿರಲಿಲ್ಲ. ಭಾರವೆಲ್ಲ ಚೌಕಟ್ಟಿನ ಅಲ್ಯುಮಿನಿಯಂ ಚೌಕ ಪೈಪಿನಲ್ಲಿತ್ತು. ಹತ್ತನೆಯ ತರಗತಿಯ ನಿಲೋಫರ ಅದೇ ಪೈಪಿನಿಂದ ಮಾಡಿದ ರೋಬೋಟಿನ ತೋಳಿಗೆ ಸಾಲಾಗಿ ತೂತು ಕೊರೆದು ನೋಡಿದಳು. ಎರಡು ಕಿಲೋದ ಡಬ್ಬಿ ಎತ್ತುವಷ್ಟರಲ್ಲಿ ತೋಳು ಬೋಲ್ಟಿನ ಹತ್ತಿರ ಮಡಚಿಕೊಂಡಿತು.

ಆ ಪೈಪನ್ನು ಮನೆಗೆ ತಂದು ಮಂಚದ ಕೆಳಗೆ ಸರಿಸಿದಳು. ಅಪ್ಪ ಮದರಸಾಬನಿಗೆ ತೋರಿಸಲು ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷ ಅಲ್ಯುಮಿನಿಯಂ ಕಿಟಕಿ, ಬಾಗಿಲು ಮಾಡಿದವನು ಅವನು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಸೋತ ಮೇಲೆ, ಮನೆಯ ಮುಂದೆಯೇ ಇದ್ದ ತನ್ನ ಅಂಗಡಿಗೆ ಕಾಲಿಟ್ಟಿರಲಿಲ್ಲ. ನಮಾಜಿಗೂ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದ.

ಆದರೆ ಪೈಪು ನೆಲಕ್ಕೆ ತಾಗಿದ ಸದ್ದು ಅವನಿಗೆ ಕೇಳಿತು.

"ತಾ ಇಲ್ಲೆ," ಎಂದ. ಎಡಗೈಯಿಂದ ಸವರಿ ನೋಡಿದ. "ಯಾರ ಕೊರದಾರ ಇದನ್ನ?"

"ನಾನಽ ಅಬ್ಬಾ."

"ಬೋಲ್ಟಿನ ಬಾಜೂಕ ತೂತ ಹಾಕೀಯಲ್ಲವಾ. ಭಾರ ಎಲ್ಲಾ ಅಲ್ಲೇ ಬಂದ ಕೂಡತೈತಿ. ಮ್ಯಾಲಿನ ಮಗ್ಗಲಾ, ಕೆಳಗಿನ ಮಗ್ಗಲಾನೂ ಮುಟ್ಟಬಾರದು. ಎರಡೂ ಬಾಜೂದ ನಟ್ಟ ನಡುವ ತಗದರ ಏನೂ ಆಗೂದಿಲ್ಲ."

"ನೀ ಗೆರಿ ಹಾಕಿ ಕೊಡತೀ ಏನು?"

ಮದರಸಾಬ ತೊಡೆಯ ಮೇಲಿದ್ದ ಬಲಗೈಯನ್ನು ನೋಡಿದ. ಆಮೇಲೆ ಹೆಂಡತಿ ಕಾಶೀಂಬಿಯನ್ನು ಕರೆದು ಅಂಗಡಿ ತೆಗೆಯಲು ಹೇಳಿದ. ಅವಳು ಒಳಗಿನ ಧೂಳು ಹೊಡೆದು ಸ್ಟೂಲು ಹಾಕಿದಳು.

ನಿಲೋಫರ ಶಾಲೆಯಿಂದ ಚೌಕಟ್ಟಿನ ಪೈಪುಗಳನ್ನೂ ತೋಳಿಗೆ ಹೊಸ ಪೈಪನ್ನೂ ತಂದಳು. ಅಪ್ಪ ಎಡಗೈಯಲ್ಲಿ ಎಳೆದ ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಎಳೆದ. ಮೂರನೆಯ ಸಲ ಪೆನ್ಸಿಲನ್ನು ಮಗಳಿಗೆ ಕೊಟ್ಟು ತಾನು ಅಳತೆಪಟ್ಟಿ ಹಿಡಿದ.

ಬಾಗಿಲಿಗೆ ಬೀಗ ಕೂಡಿಸಲು ತೂತು ಹಾಕುವ ದುಂಡು ಗರಗಸವನ್ನು ಡ್ರಿಲ್ಲಿಗೆ ಸಿಕ್ಕಿಸಿ, ಚಿಮಣಿ ಎಣ್ಣೆಯ ಹನಿ ಬಿಟ್ಟು, ನಿಲೋಫರ ಕೊರೆಯತೊಡಗಿದಳು. ಒಂದು ತೂತಿಗೆ ಹನ್ನೊಂದು ಗ್ರಾಂ ಇಳಿಯುತ್ತಿತ್ತು. ಐದನೆಯದರಲ್ಲಿ ಗರಗಸ ಕಚ್ಚಿ ಅವಳ ಮಣಿಕಟ್ಟು ತಿರುಚಿತು. ಮದರಸಾಬ ಎದ್ದು ಅವಳ ಹಿಂದೆ ನಿಂತ. ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಅವಳ ಕೈಮೇಲೆ ಇಟ್ಟ.

"ಜೋರ ಒತ್ತಬ್ಯಾಡ. ನನ್ನ ಕೈ ಭಾರ ಎಷ್ಟೈತಿ, ಅಷ್ಟ ಸಾಕು."

ಅಲ್ಯುಮಿನಿಯಂ ಸುರುಳಿ ಸುರುಳಿಯಾಗಿ ಸರಾಗ ಬಿಚ್ಚಿಕೊಂಡು ಬಂತು. ಉಳಿದ ತೂತುಗಳಿಗೂ ಅವಳು ಆ ಕೈಯನ್ನು ಸರಿಸಗೊಡಲಿಲ್ಲ.

ಮೂರು ಸಂಜೆ ಹಿಡಿಯಿತು. ಜೊತೆಗಾತಿ ಅನ್ನಪೂರ್ಣಳ ಮನೆಯಲ್ಲಿ ಸೀರೆ ನೇಯುತ್ತಾರೆ. ಪೈಪುಗಳನ್ನು ಮತ್ತೆ ಜೋಡಿಸಿ, ಅಲ್ಲಿ ನೂಲು ತೂಗುವ ತಕ್ಕಡಿಯಲ್ಲಿ ರೋಬೋಟನ್ನಿಟ್ಟರು. ಇನ್ನೂ ನಲವತ್ತು ಗ್ರಾಂ ಹೆಚ್ಚಿತ್ತು. ಅನ್ನಪೂರ್ಣಳ ಮುಖ ಇಳಿಯಿತು. ಜೊತೆಗೆ ಬಂದಿದ್ದ ಮದರಸಾಬ ರೋಬೋಟಿನ ಸುತ್ತ ಒಂದು ಸಲ ತಿರುಗಿದ.

"ಬೋಲ್ಟ ನಟ್ಟಿನಿಂದ ಇಷ್ಟುದ್ದ ಹೊರಗ ಬಂದಾವ ನೋಡ್ರಿ. ಕೊಯ್ದ ಹಾಕ್ರಿ."

ಕೊಯ್ದರು. ಮುಳ್ಳು ಹದಿನೈದಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು.

ಹುಬ್ಬಳ್ಳಿಯಲ್ಲಿ ಎರಡು ಸುತ್ತು ಗೆದ್ದರು. ಮೂರನೆಯದರಲ್ಲಿ ಬ್ಯಾಟರಿಯ ತಂತಿ ಕಳಚಿ ಸೋತರು. ನಿಲೋಫರ ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತ ಅಪ್ಪನಿಗೆ ವೀಡಿಯೊ ಕಾಲ್ ಮಾಡಿದಳು.

"ತೋಳ ಬಾಗಿತೇನು?" ಎಂದು ಮದರಸಾಬ ಕೇಳಿದ.

"ಇಲ್ಲ ಅಬ್ಬಾ. ಒಂದಿಷ್ಟೂ ಬಾಗಲಿಲ್ಲ."

"ಮತ್ಯಾಕ ಅಳ್ತಿ? ಆ ಬಾಜೂದವ್ರ ಗಾಡಿ ತೋರ್ಸು ನೋಡೂಣು."

ಅವಳು ಫೋನನ್ನು ಪಕ್ಕದ ತಂಡದ ರೋಬೋಟಿನತ್ತ ತಿರುಗಿಸಿದಳು. ಮದರಸಾಬ ಅದರ ಪೈಪಿನಲ್ಲಿದ್ದ ತಪ್ಪು ಹೇಳತೊಡಗಿದ. ಆ ಮಕ್ಕಳೂ ಫೋನಿನ ಸುತ್ತ ಬಂದು ನಿಂತರು. ಇತ್ತ ಗಜೇಂದ್ರಗಡದಲ್ಲಿ ಕಾಶೀಂಬಿ ಗಂಡನ ಮುಖದ ಮುಂದೆ ಫೋನು ಹಿಡಿದು ಕೈ ಸೋತು, ಇನ್ನೊಂದು ಕೈಗೆ ಬದಲಿಸಿಕೊಂಡಳು. ಅವನು ಮಾತು ನಿಲ್ಲಿಸಿರಲಿಲ್ಲ.