ಪಾತ್ರೆಯೊಳಗಿನ ಆರು ಮಾತ್ರೆ

ಮಾಯಮ್ಮ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಿದವಳಲ್ಲ. ಸಾರು ಬಂದ ಪಾತ್ರೆಗೆ ನಾಲ್ಕು ಹಸಿಮೆಣಸಿನಕಾಯಿಯಾದರೂ ಹಾಕಿ ಕಳಿಸುವುದು ಅವಳ ಅತ್ತೆಯ ಕಾಲದಿಂದ ಬಂದ ನೇಮ.

ಆ ಸೋಮವಾರ ಅವಳಿಗೆ ಬೇರೆಯದೇ ಸಂಕಟ. ಗಾವಡಗೆರೆ ಹತ್ತಿರ ಹೊಗೆಸೊಪ್ಪು ಬೇಯಿಸುವ ದೊಡ್ಡಮಾದಯ್ಯನ ಬ್ಯಾರನ್ನಿನ ಮುಂದೆ ಎಲೆಯನ್ನು ಕಡ್ಡಿಗೆ ಕಟ್ಟಲು ಕೂತರೆ ಹೆಂಗಸರು ಏಳುವಂತಿಲ್ಲ. ಸುತ್ತ ಗಂಡಸರು, ಮರೆ ಬೇಕೆಂದರೆ ಕೆರೆ ಏರಿ ದಾಟಬೇಕು. ಏಳುವುದೇ ಬೇಡವೆಂದು ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕೊನೆಗೆ ಉರಿಮೂತ್ರ ಹತ್ತಿತು. ಗಳಿಗೆಗೊಮ್ಮೆ ಹೋಗಬೇಕು, ಹೋದರೆ ಎರಡು ಹನಿ, ಆ ಎರಡು ಹನಿಯೂ ಕೆಂಡ. ಭಾನುವಾರ ಪಿರಿಯಾಪಟ್ಟಣದಲ್ಲಿ ಮಗಳು ಸೌಂದರ್ಯಳ ಸೀಮಂತ. ಮೊದಲ ಹಸಿರು ಬಳೆಯನ್ನು ತಾಯಿಯೇ ತೊಡಿಸಬೇಕು. ಈ ಉರಿ ಹೊತ್ತು ಎರಡು ಬಸ್ಸು ಹತ್ತುವುದು ಹೇಗೆ?

ಹುಣಸೂರಿನ ಡಾಕ್ಟರಮ್ಮ ಹತ್ತು ಮಾತ್ರೆ ಬರೆದುಕೊಟ್ಟರು. "ಊಟ ಆದ್ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ದಿನ. ಉರಿ ನಿಂತ್ರೂ ನಿಲ್ಲಿಸಬೇಡಿ. ನೀರು ಚೆನ್ನಾಗಿ ಕುಡೀರಿ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು, ಹೆದರಬೇಡಿ."

ಬುಧವಾರ ಬೆಳಿಗ್ಗೆ ನಾಲ್ಕನೆಯ ಮಾತ್ರೆ ನುಂಗುವ ಹೊತ್ತಿಗೆ ಉರಿ ಮಾಯ. ಎದುರುಮನೆಯ ಸಾಕಮ್ಮನ ಹುರುಳಿಸಾರಿನ ಪಾತ್ರೆ ಮೂಲೆಯಲ್ಲಿ ಕಾಯುತ್ತಿತ್ತು. ಬೆಲ್ಲ ತೀರಿತ್ತು, ಮೆಣಸಿನಕಾಯಿಯೂ ಇರಲಿಲ್ಲ. ಉಳಿದಿದ್ದು ಆರು ಮಾತ್ರೆ. ಸಾಕಮ್ಮನಿಗೆ ಮಂಡಿನೋವು ಬೇರೆ.

"ಒಳ್ಳೆ ಮಾತ್ರೆ ಕಣಕ್ಕ, ಎಲ್ಡೇ ದಿನಕ್ಕೆ ನೋವ ಎಳ್ದಾಕ್ಬುಡ್ತದೆ," ಎಂದು ಆರನ್ನೂ ಪಾತ್ರೆಗೆ ಹಾಕಿ ಕೊಟ್ಟಳು. ಯಾವ ನೋವು ಎಂದು ಅವಳು ಹೇಳಲಿಲ್ಲ, ಸಾಕಮ್ಮ ಕೇಳಲಿಲ್ಲ.

ಶುಕ್ರವಾರ ಮಾಯಮ್ಮನಿಗೆ ಉರಿ ಮರಳಿ ಬಂತು. ಹಲ್ಲು ಕಚ್ಚಿಕೊಂಡು ಬ್ಯಾರನ್ನಿಗೆ ಹೋದರೆ ಅಲ್ಲಿ ಸಾಕಮ್ಮ ಕಂಬಕ್ಕೊರಗಿ ಕೂತಿದ್ದಳು.

"ನಂಗೆ ಕಾಮಾಲೆ ಅಮರ್ಕಂಡದೆ. ಉಚ್ಚೆ ನೋಡುದ್ರೆ ಉಣಸೇಹಣ್ಣಿನ ನೀರು," ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ನನ್ ಕೋಳಿಗೊಳ ಸುನಂದಮ್ಮಂಗೆ ಕೊಟ್ಬುಡಿ. ಆ ಕೆಂಪು ಉಂಜ ಮಾತ್ರ ಅವಳ್ಗೆ ಬೇಡ, ಕುಯ್ಕಂಡ್ ತಿಂದ್ಬುಡ್ತಾಳೆ."

"ನಿನ್ ಉಂಜ ಯಾರಿಗ್ ಬೇಕು? ಅದು ನಿನ್ಗಿಂತ ಮುದ್ಕ," ಎಂದಳು ಪಕ್ಕದಲ್ಲೇ ಕೂತಿದ್ದ ಸುನಂದಮ್ಮ, ಎಲೆ ಕಟ್ಟುತ್ತಲೇ.

ದೊಡ್ಡಮಾದಯ್ಯ ಹತ್ತಿರ ಬಂದು, "ನಾಟಿ ಔಸ್ದಿಗೆ ಕಳಿಸ್ತೀನಿ. ಮೂರ್ ತಿಂಗಳು ಉಪ್ಪು ಕಾರ ಮುಟ್ಟಂಗಿಲ್ಲ," ಎಂದು ತೀರ್ಪು ಕೊಟ್ಟ. ಸಾಕಮ್ಮನ ಅಳು ಜೋರಾಯಿತು.

ಮಾಯಮ್ಮ ಸಾಕಮ್ಮನ ಪಕ್ಕ ಕೂತಳು. ಹೇಳಿದರೆ ಗಂಡಸರ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಸಾಕಮ್ಮನ ಬಾಯಿರುಚಿ ಹೋಗುತ್ತದೆ.

"ಅದು ಕಾಮಾಲೆ ಅಲ್ಲ ಕಣಕ್ಕ. ಮಾತ್ರೆ ಬಣ್ಣ."

"ನಿಂಗೆಂಗ್ ಗೊತ್ತು?"

"ನಂದೂ ಅಂಗೇ ಇತ್ತು. ನಂಗೆ ಉರಿಮೂತ್ರ. ಆ ಮಾತ್ರೆ ಅದ್ಕೇ ಕೊಟ್ಟಿದ್ದು."

ದೊಡ್ಡಮಾದಯ್ಯನಿಗೆ ತಟ್ಟನೆ ಬ್ಯಾರನ್ನಿನ ಬೆಂಕಿ ನೋಡುವ ಕೆಲಸ ನೆನಪಾಯಿತು. ಅವನು ಹೋದಮೇಲೆ ಸುನಂದಮ್ಮ ತಲೆ ತಗ್ಗಿಸಿಕೊಂಡೇ, "ನಂಗೂ ಉರಿ ಅದೆ," ಎಂದಳು. ಆ ಸಾಲಿನ ಕೊನೆಯಲ್ಲಿದ್ದವಳು, "ನಂಗೆ ಓದ್ ತಿಂಗಳಿಂದ," ಎಂದಳು.

ಸಾಕಮ್ಮ ಕಣ್ಣೊರೆಸಿಕೊಂಡಳು. "ಮಂಡಿಗೆ ಅಂತ ಅದ ನುಂಗುಸುದ್ಯಲ್ಲೇ ಮಾಯಿ. ನಾನು ಕೋಳಿ ಅಂಚ್ಬುಟ್ನಲ್ಲೇ."

ಶನಿವಾರ ನಾಲ್ವರೂ ಹುಣಸೂರಿಗೆ ಹೋದರು. ಡಾಕ್ಟರಮ್ಮ ಮಾಯಮ್ಮನ ಮೂತ್ರ ಪರೀಕ್ಷೆಗೆ ಕಳಿಸಿ, ಹೊಸದಾಗಿ ಐದು ದಿನದ ಮಾತ್ರೆ ಬರೆದು, "ಅರ್ಧಕ್ಕೆ ಬಿಟ್ರೆ ರೋಗಾಣು ಪೂರ್ತಿ ಸಾಯಲ್ಲ. ಆಮೇಲೆ ಇದೇ ಮಾತ್ರೆ ಕೆಲಸ ಮಾಡದೇ ಹೋಗಬಹುದು," ಎಂದು ಗದರಿದರು. ಸಾಕಮ್ಮನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಕಾಮಾಲೆ ಇಲ್ಲ ಎಂದರು.

ಭಾನುವಾರ ಬಸ್ಸಿನಲ್ಲಿ ಸಾಕಮ್ಮ ಜೊತೆಗೆ ಹೊರಟಳು, ಮಾತ್ರೆಯ ಕಾವಲಿಗೆ. ಮಾಯಮ್ಮ ಮುಖ ಕಿವುಚಿದಾಗಲೆಲ್ಲ ಡ್ರೈವರಿಗೆ ಕೂಗಿ ಎರಡು ಕಡೆ ಬಸ್ಸು ನಿಲ್ಲಿಸಿದಳು. ತಡವಾದರೂ ತಲುಪಿದರು, ಮೊದಲ ಬಳೆ ತಾಯಿಯ ಕೈಯಿಂದಲೇ ಏರಿತು.

ರಾತ್ರಿ ಊಟದ ಪಂಕ್ತಿ ಏಳುವಾಗ ಸಾಕಮ್ಮ, "ಮಾಯಿ, ಮಾತ್ರೆ," ಎಂದಳು, ಇಡೀ ಚಪ್ಪರಕ್ಕೆ ಕೇಳುವಂತೆ. ನುಂಗಿ ಮುಗಿಯುವವರೆಗೂ ಗಂಟಲನ್ನೇ ನೋಡುತ್ತ ನಿಂತಳು.

"ಯಾವುದ್ರ ಮಾತ್ರೆ, ಬೀಗಿತ್ತೀರೇ?" ಸೌಂದರ್ಯಳ ಅತ್ತೆ ಕೇಳಿದಳು.

"ಉರಿಮೂತ್ರದ್ದು ಕಣ್ರೀ," ಎಂದಳು ಮಾಯಮ್ಮ.

ಬೀಗಿತ್ತಿ ಅತ್ತಿತ್ತ ನೋಡಿ, ಹತ್ತಿರ ಸರಿದು, ಮೆಲ್ಲಗೆ ಅಂಗೈ ಚಾಚಿದಳು. ಇನ್ನೊಂದು ಕೈಯಲ್ಲಿ ಮಾಯಮ್ಮನಿಗೆಂದು ತುಂಬಿಸಿದ್ದ ಎಳ್ಳು ಬೆಲ್ಲದ ಚಿಗಳಿ ಡಬ್ಬಿ.

ಮಾಯಮ್ಮ ಡಬ್ಬಿಯನ್ನು ಇಸಿದುಕೊಂಡಳು. ಮಾತ್ರೆಯ ಪಟ್ಟಿಯನ್ನು ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿದಳು.

"ಇದ ಕೊಡಾಕಿಲ್ಲ ಕಣ್ರೀ," ಎಂದಳು. "ನಾಳಿಕ್ಕೆ ನನ್ ಜೊತೆ ಆಸ್ಪತ್ರೆಗೆ ಬನ್ನಿ. ಡಬ್ಬಿಗೆ ಬೇರೆ ಏನಾರಾ ಆಕ್ಕೊಡ್ತೀನಿ."