ಹೊಳೆದಂಡೆಯ ಹೊಟ್ಟೆಕಿಚ್ಚು

ರುದ್ರೇಶ್ ಮತ್ತೆ ಹಿಡಿದ. ಸತತ ಮೂರನೆಯ ಭಾನುವಾರ! ಚೆಕ್ ಡ್ಯಾಮಿನ ಮೇಲಿನ ತಿರುವಿನಿಂದ ಮೊಳದುದ್ದದ ಕೊರಮೀನನ್ನು ಬಕೆಟ್ಟಿನ ನೀರಿನಲ್ಲಿಟ್ಟುಕೊಂಡು ಬಂದು, ದಂಡೆಯಲ್ಲಿದ್ದವರಿಗೆಲ್ಲ ತೋರಿಸಿ, ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ. ಆಮೇಲೆ ಬಂದ ದಾರಿಯಲ್ಲೇ ಹೋಗಿ, "ಶಿವ ಶಿವಾ, ಆರಾಮಿರಪ್ಪ" ಎಂದು ಅದನ್ನು ಹೊಳೆಗೇ ಬಿಟ್ಟುಬಂದ.

ಭರಮಪ್ಪ ತನ್ನ ಬಿದಿರುಕೋಲಿನ ತುದಿಯನ್ನೇ ನೋಡುತ್ತ ಕೂತಿದ್ದ. ಬೆಳಿಗ್ಗೆ ಆರರಿಂದ ಆ ತುದಿ ಒಂದು ಸಲವೂ ಬಾಗಿರಲಿಲ್ಲ. ಹೊಟ್ಟೆಯೊಳಗೆ ಮಾತ್ರ ಧಗಧಗ ಅನ್ನುತ್ತಿತ್ತು.

ತಿನ್ನುವವನು ಹಿಡಿದಿದ್ದರೆ ಒಂದು ಮಾತು, ಭರಮಪ್ಪ ಹೇಗೋ ಸಹಿಸಿಕೊಳ್ಳುತ್ತಿದ್ದ. ಈ ರುದ್ರೇಶ್ ಹಾವೇರಿ ಕಡೆಯವನು, ಕೊರಳಲ್ಲಿ ಲಿಂಗ ಕಟ್ಟಿದವನು, ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸದವನು. ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು. ಬಿ.ಪಿ. ಏರಿದೆ, ತಲೆಗೆ ವಿಶ್ರಾಂತಿ ಸಿಗುವಂಥದ್ದು ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದರಂತೆ. ಈ ಮಹಾರಾಯ ಆನ್‌ಲೈನಿನಲ್ಲಿ ಕೋಲು, ರೀಲು, ರಬ್ಬರಿನ ಕಪ್ಪೆ ಎಲ್ಲ ತರಿಸಿಕೊಂಡು, ಟೋಪಿ ಹಾಕಿಕೊಂಡು ಹೊಳೆಗೆ ಬಂದ. ಬಂದ ಮೊದಲ ವಾರವೇ ಹಿಡಿದ!

ಭರಮಪ್ಪನೋ, ಘಟಪ್ರಭೆಯ ದಂಡೆಯಲ್ಲಿ ಅಂಬಿಗರ ಮನೆಯಲ್ಲಿ ಹುಟ್ಟಿದವನು. ನಡೆಯುವ ಮೊದಲೇ ಈಜಿದವನು. ಹದಿನೈದು ವರ್ಷದಿಂದ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ನಡೆಸುತ್ತಿದ್ದರೂ, ರೂಮಿನ ಸಾಲಿನಲ್ಲಿ ಎಲ್ಲರೂ ಅವನನ್ನು ಮೀನಿನ ಭರಮಪ್ಪ ಅಂತಲೇ ಕರೆಯುತ್ತಿದ್ದರು. ಆ ಹೆಸರು ಇಟ್ಟುಕೊಂಡು ಈ ಬೇಸಿಗೆಯಲ್ಲಿ ಅವನು ಹಿಡಿದದ್ದು ಬೆರಳುದ್ದದ ಎರಡು ಜಿಲೇಬಿ ಮೀನು. ಅವನ್ನು ರೂಮಿನ ಹಿಂದಿನ ಬೆಕ್ಕೂ ಮೂಸಿ ನೋಡಿ ಬಿಟ್ಟಿತ್ತು.

ಅವನ ತಪ್ಪೂ ಇರಲಿಲ್ಲ ಅನ್ನಿ. ಬೇಸಿಗೆಯಲ್ಲಿ ಪಿನಾಕಿನಿ ಹೆಸರಿಗಷ್ಟೇ ಹೊಳೆ. ಚೆಕ್ ಡ್ಯಾಮಿನ ಹಿಂದೆ ಸೊಂಟಮಟ್ಟದ ನೀರು, ಅದೂ ಹತ್ತು ಗಂಟೆಗೆಲ್ಲ ಬೆಚ್ಚಗಾಗುತ್ತಿತ್ತು. ಭಾನುವಾರ ಬಂತೆಂದರೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಶಿಫ್ಟಿನ ಜನವೆಲ್ಲ ಅಲ್ಲೇ. ಒಡಿಶಾದವರು ಮೈದಾಹಿಟ್ಟು ಕಲಸಿಕೊಂಡು ಬರುವರು, ಬಿಹಾರದವರು ಎರೆಹುಳ ತರುವರು, ಹೊಸೂರು ಕಡೆಯವರು ಬಲೆಯನ್ನೇ ತರುವರು. ಒಂದು ಮೀನಿಗೆ ಐವತ್ತು ಗಾಳ. ಆ ಮೀನಾದರೂ ಏನು ಮಾಡೀತು, ಪಾಪ!

ಇಷ್ಟೆಲ್ಲ ಗೊತ್ತಿದ್ದೂ ಭರಮಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಯಾಕೆಂದರೆ ಆ ವಾರ ಊರಿನಿಂದ ಮಾವ ಬರುವವನಿದ್ದ.

ಮಾವ ಈರಪ್ಪ ಸುತ್ತ ಏಳೂರಿಗೆ ಹೆಸರಾದ ಮೀನುಗಾರ. ಅವನ ಬಾಯಲ್ಲಿ ಹೊಗಳಿಕೆ ಎಂದರೆ ಒಂದೇ ಮಾತು, "ಕೈ ಐತಿ". ಯಾರಿಗಾದರೂ ಅವನು ಹಾಗೆಂದನೆಂದರೆ ಓಣಿಯೆಲ್ಲ ವರ್ಷಗಟ್ಟಲೆ ಅದನ್ನು ಹೇಳಿಕೊಂಡು ತಿರುಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಳಿಯನನ್ನು ಹೊಳೆಗೆ ಕರೆದುಕೊಂಡು ಹೋಗಿ, ಭರಮಪ್ಪ ಎರಡು ಸಲ ಮೀನು ತಪ್ಪಿಸಿಕೊಂಡದ್ದನ್ನು ನೋಡಿ, "ಕಾರ್ಖಾನಿ ಕೈ" ಅಂದುಬಿಟ್ಟಿದ್ದ. ಎಂಟು ವರ್ಷವಾಯಿತು. ಹೆಂಡತಿ ಶಿವಗಂಗಾ ಎಂದೂ ಆ ಮಾತೆತ್ತಿದವಳಲ್ಲ. ಭರಮಪ್ಪ ಮಾತ್ರ ಒಂದು ದಿನವೂ ಮರೆತವನಲ್ಲ. ಕಳೆದ ವರ್ಷ ಚಂದಾಪುರದ ಅಂಗಡಿಯಲ್ಲಿ ಕೊಂಡ ರೋಹುವನ್ನು ಹೊಳೆದಂಡೆಗೆ ಒಯ್ದು, ಫೋಟೊ ಹೊಡೆಸಿಕೊಂಡು ಮಾವನಿಗೆ ಕಳಿಸಿದ್ದ. "ಮೈಮ್ಯಾಲ ಐಸ್ ಹತ್ತೇತಲ್ಲೋ" ಎಂದು ಮಾವ ಉತ್ತರ ಕಳಿಸಿದ್ದ.

ಬುಧವಾರ ಈರಪ್ಪ ಬಂದ. ಶನಿವಾರ ರಾತ್ರಿ ಊಟಕ್ಕೆ ಕೂತಾಗ, "ನಾಳೆ ನಿಮ್ಮ ಹೊಳಿ ತೋರಸ್ತೀಯೇನೋ?" ಎಂದ.

"ತೋರಸ್ತೀನ್ರಿ ಮಾವಾರ. ನಾಳೆ ಊಟಕ್ಕ ಕೊರಮೀನ," ಎಂದುಬಿಟ್ಟ ಭರಮಪ್ಪ.

ಶಿವಗಂಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. "ಯಾಕ್ರೀ ಹಂಗ ಮಾತ ಕೊಡ್ತೀರಿ? ಕೋಳಿ ತಂದ್ರ ಆತು."

"ನೀ ಸುಮ್ನಿರು," ಎಂದ ಭರಮಪ್ಪ. ಆ ತಿರುವಿನಲ್ಲಿ ರುದ್ರೇಶನಿಗೆ ಮೀನು ಹೇಗೆ ಬೀಳುತ್ತದೆ ಎಂಬುದನ್ನು ನಾಳೆ ಕಂಡುಹಿಡಿಯುವುದೇ ಸೈ ಎಂದು ಅವನು ಆಗಲೇ ನಿಶ್ಚಯಿಸಿದ್ದ.

ಭಾನುವಾರ ಬೆಳಿಗ್ಗೆ ಚೆಕ್ ಡ್ಯಾಮಿನ ಪಕ್ಕದ ಹೊಂಗೆಮರದ ಕೆಳಗೆ ಮಾವನನ್ನು ಕೂರಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು, ತಾನೊಬ್ಬನೇ ತಿರುವಿಗೆ ಹೋದ. ಜಾಲಿಮುಳ್ಳಿನ ಸಂದಿಯಲ್ಲಿ ನುಸುಳಿ ನೀರಿನ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ. ರುದ್ರೇಶ್ ಇನ್ನೂ ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹಿಡಿಯಗಲದ ಕೆಂಪು ಎದ್ದಿತು. ಅದು ಗುಳುಗುಳು ಅಂದು, ಮುಳುಗಿ, ಮತ್ತೆ ಮಾರುದೂರದಲ್ಲಿ ಎದ್ದಿತು. ಭರಮಪ್ಪನಿಗೆ ಒಂದೇ ನೋಟ ಸಾಕಾಯಿತು. ಮರಿ! ನೂರಾರು ಕೊರಮೀನಿನ ಮರಿ, ಕೆಂಪಗೆ, ಒಂದನ್ನೊಂದು ಬಿಡದೆ ಗುಂಪು ಕಟ್ಟಿಕೊಂಡು ಉಸಿರಿಗೆ ಮೇಲೆ ಬರುತ್ತಿದ್ದವು. ಅವುಗಳ ಕೆಳಗೆ ಕಪ್ಪಗೆ, ಅಲುಗದೆ, ಕಾವಲು ನಿಂತ ದೊಡ್ಡ ಮೀನು.

"ಥೂ ಇವನ!" ಎಂದು ಭರಮಪ್ಪ ಗಟ್ಟಿಯಾಗಿಯೇ ಅಂದ. ಇದೇನು ಅವನ ಶೂರತನ? ಮರಿ ಕಾಯುವ ಕೊರಮೀನು ಮೇವು ಬಿಟ್ಟಿರುತ್ತದೆ, ಹಸಿವಿಗೆ ಗಾಳ ಕಚ್ಚುವುದಿಲ್ಲ. ಮರಿಯ ಹತ್ತಿರ ಏನು ಬಿದ್ದರೂ ಸಿಟ್ಟಿನಿಂದ ಬಂದು ಕಚ್ಚುತ್ತದೆ. ಚಪ್ಪಲಿ ಎಸೆದರೂ ಕಚ್ಚೀತು. ರುದ್ರೇಶನಿಗೆ ಆ ಕೆಂಪು ಏನೆಂದೇ ಗೊತ್ತಿಲ್ಲ. ರಬ್ಬರ್ ಕಪ್ಪೆ ಎಸೆದಿದ್ದಾನೆ, ಅದು ಹೋಗಿ ಮರಿಯ ಪಕ್ಕ ಬಿದ್ದಿದೆ, ಅಷ್ಟೇ. ಭರಮಪ್ಪನಿಗೆ ಮೂರು ವಾರದಲ್ಲಿ ಮೊದಲ ಸಲ ಎದೆ ಹಗುರಾಯಿತು.

ಆ ಹಗುರ ಹೆಚ್ಚು ಹೊತ್ತು ಉಳಿಯಲಿಲ್ಲ. ಗೊತ್ತಾಗಿ ಏನು ಬಂತು? ಊರಿನ ಅಂಬಿಗರ ಓಣಿಯಲ್ಲಿ ಮರಿ ಮೇಲಿನ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಹಾಕಿದವನ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಬಲೆಗೆ ತಾನಾಗಿ ಬಂದರೂ ಬಿಡಿಸಿ ಬಿಡುವವರು ಅವರು. ಹಾಗಾದರೆ ಬರಿಗೈಲಿ ಹೋಗಿ ಮಾವನ ಮುಂದೆ ನಿಲ್ಲಬೇಕು. ಅಷ್ಟರಲ್ಲಿ ಆ ಮ್ಯಾನೇಜರು ಬರುತ್ತಾನೆ, ಬಕೆಟ್ಟಿನಲ್ಲಿ ಇದನ್ನೂ ತಂದು ಮಾವನಿಗೇ ತೋರಿಸುತ್ತಾನೆ. ಮಾವ ಏನನ್ನಬಹುದು? ಅದನ್ನು ನೆನೆದೇ ಭರಮಪ್ಪನ ಕಿವಿ ಬಿಸಿಯಾಯಿತು. ಲಿಂಗವಂತನಿಗೆ ಕೈ ಐತಿ, ಅಂಬಿಗನಿಗೆ ಇಲ್ಲ!

ಅವನು ಹೆಚ್ಚು ಯೋಚಿಸಲಿಲ್ಲ. ಡಬ್ಬಿಯಿಂದ ಒಂದು ಮರಿಗಪ್ಪೆ ತೆಗೆದು ಗಾಳಕ್ಕೆ ಚುಚ್ಚಿದ. ಕೆಂಪು ಎದ್ದ ಕಡೆಗೇ ಎಸೆದ.

ನೀರು ಒಡೆಯಿತು. ಬಿದಿರು ಅರ್ಧಕ್ಕೆ ಬಾಗಿತು. ಈ ಸಲ ಅವನು ತಪ್ಪಿಸಿಕೊಳ್ಳಲಿಲ್ಲ. ಅಂಚಿಗೆ ಎಳೆದು, ಕಿವಿರಿಗೆ ಬೆರಳು ಹಾಕಿ ಎತ್ತಿ, ಕೊರಮೀನು ಚೀಲದಿಂದಲೂ ಜಿಗಿದು ಹೋಗುತ್ತದೆಂದು ತಲೆಗೆ ಕಲ್ಲಿನಿಂದ ಎರಡು ಏಟು ಕೊಟ್ಟ. ತಿರುಗಿ ನೀರಿನ ಕಡೆ ನೋಡಲಿಲ್ಲ.

"ಮಾವಾರ! ಏ ಮಾವಾರ!" ಎಂದು ದೂರದಿಂದಲೇ ಕೂಗಿಕೊಂಡು ಬಂದ. ದಂಡೆಯ ಜನ ಎದ್ದು ನಿಂತರು. "ಅರೆ ವಾಹ್, ಭೈಯಾ!" ಎಂದು ಬಿಹಾರದ ಹುಡುಗನೊಬ್ಬ ಶಿಳ್ಳೆ ಹೊಡೆದ. ಭರಮಪ್ಪ ಮೀನನ್ನು ಈರಪ್ಪನ ತೊಡೆಯ ಮೇಲೆ ಇಟ್ಟ.

"ಎಲಾ ಇವನ! ಹಿಡದೇಬಿಟ್ಯಲ್ಲೋ ಅಳ್ಯಾ!" ಈರಪ್ಪನ ಮುಖ ಅರಳಿತು. "ಏನ ಐತಲ್ಲೋ ಇದು! ಇಷ್ಟ ಮಂದ್ಯಾಗ, ಈ ಬಿಸಲಾಗ... ನಾ ಏನೋ ಅಂದಿದ್ದೆ, ಆದ್ರ ನಿನಗ..."

ಭರಮಪ್ಪ ಉಸಿರು ಹಿಡಿದು ನಿಂತ. ಈರಪ್ಪನ ಬೆರಳು ಮೀನಿನ ಬೆನ್ನ ಮೇಲಿಂದ ಹೊಟ್ಟೆಗೆ ಇಳಿಯಿತು. ಹೊಟ್ಟೆ ಒಳಕ್ಕೆ ಅಂಟಿಕೊಂಡಿತ್ತು. ಬೆರಳು ಅಲ್ಲೇ ನಿಂತಿತು. ಮೀನನ್ನು ಮಗುಚಿ ಹಾಕಿ, ಇನ್ನೊಂದು ಸಲ ಒತ್ತಿ ನೋಡಿದ.

"ಎಷ್ಟ ದಿನದಿಂದ ಉಂಡಿಲ್ಲ ಇದು," ಎಂದ ಮೆಲ್ಲಗೆ. "ಮರಿ ಎಲ್ಲ್ಯದಾವು?"

"ಮರಿ... ನಾ ನೋಡಿಲ್ರಿ ಮಾವಾರ."

ಈರಪ್ಪ ಮೀನಿನಿಂದ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಟೋಪಿ, ಬಕೆಟ್ಟು, ಕೋಲು ಸಮೇತ ರುದ್ರೇಶ್ ಬಂದ. ಮೀನು ನೋಡಿದವನೇ ಬಕೆಟ್ಟನ್ನು ಕೆಳಗಿಟ್ಟ.

"ಅಯ್ಯೋ, ಇದು ಅದೇ ಅಲ್ವೇನ್ರೀ ಭರಮಪ್ಪ?" ಬಗ್ಗಿ ಮೀನಿನ ತುಟಿಯ ಹಳೇ ಗಾಯ ತೋರಿಸಿದ. "ನೋಡಿ, ಇದು ನಂದೇ ಗಾಳ ಮಾಡಿದ್ದು. ಮೂರು ವಾರದಿಂದ ನಂಗೆ ಬಿದ್ದಿದ್ದು ಇದೊಂದೇ ಮೀನು ಕಣ್ರೀ. ಬೇರೆ ಒಂದೂ ಬಿದ್ದಿಲ್ಲ. ನಾಚಿಕೆ ಆಗಿ ಯಾರಿಗೂ ಹೇಳಿರ್ಲಿಲ್ಲ." ಆಮೇಲೆ ಸಾವರಿಸಿಕೊಂಡು, "ಇರ್ಲಿ ಬಿಡಿ, ನಿಮ್ಮ ಮನೆಗಾದ್ರೂ ಆಯ್ತಲ್ಲ," ಎಂದ.

ಒಂದೇ ಮೀನು! ಭರಮಪ್ಪ ಮೂರು ವಾರ ನಿದ್ದೆಗೆಟ್ಟದ್ದು, ಮನೆಯಲ್ಲಿ ಸಿಡಿಮಿಡಿ ಅಂದದ್ದು, ಮಷಿನ್ ಮುಂದೆ ನಿಂತು ಹಲ್ಲು ಕಡಿದದ್ದು ಎಲ್ಲ ಈ ಒಂದೇ ಮೀನಿಗೆ. ಈಗ ಅದು ಸತ್ತು ಮಾವನ ತೊಡೆಯ ಮೇಲಿತ್ತು.

ಈರಪ್ಪ ಮೀನನ್ನು ಹುಲ್ಲಿನ ಮೇಲಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದ. "ಜಾಗಾ ತೋರಸು ತಮ್ಮಾ," ಎಂದು ರುದ್ರೇಶನಿಗೆ ಹೇಳಿದ, ಭರಮಪ್ಪನಿಗಲ್ಲ. ಇಬ್ಬರೂ ಮುಂದೆ ಹೋದರು. ಭರಮಪ್ಪ ಮೀನನ್ನು ಎತ್ತಿಕೊಂಡು ಹಿಂದೆ ಹೋದ.

ತಿರುವಿನಲ್ಲಿ ನೀರು ಕುದಿಯುತ್ತಿತ್ತು. ಕಾವಲು ಹೋದದ್ದೇ ತಡ, ಎಲ್ಲೆಲ್ಲಿದ್ದವೋ ಜಿಲೇಬಿ ಮೀನುಗಳು ಬಂದು ಮರಿಗಳಿಗೆ ಬಿದ್ದಿದ್ದವು. ಕೆಂಪು ಗುಂಪು ಒಡೆದು ಚೆಲ್ಲಾಪಿಲ್ಲಿಯಾಗಿತ್ತು. ಈರಪ್ಪ ಧೋತರ ಎತ್ತಿ ಕಟ್ಟಿ, ಒಂದು ಜಾಲಿಕೊಂಬೆ ಮುರಿದುಕೊಂಡು ನೀರಿಗಿಳಿದೇಬಿಟ್ಟ.

"ಇದರ ಜೋಡಿ ಯಾರದೋ ಚೀಲಕ್ಕ ಎಂದೋ ಹೋಗೈತಿ, ಇದ್ದಿದ್ರ ಇಷ್ಟೊತ್ತಿಗೆ ಬರತಿತ್ತು," ಎಂದ. "ಬಾ ತಮ್ಮಾ, ನೀ ಆ ಕಡಿ ನಿಲ್ಲು. ಇವು ಅರ್ಧ ಬೆರಳ ಉದ್ದ ಆಗ್ಯಾವ. ಇವತ್ತ ಒಂದ ದಿನ ಕಾದ್ರ, ಹುಲ್ಲಿನಾಗ ಸೇರಿ ನಾಕಾದ್ರೂ ಉಳಿತಾವು."

ರುದ್ರೇಶ್ ಒಳ್ಳೆಯ ಪ್ಯಾಂಟಿನಲ್ಲೇ ಇಳಿದ. "ಇವು ಮರಿ ಅಂತ ನಂಗೊತ್ತೇ ಇರ್ಲಿಲ್ಲ ಅಜ್ಜಾ. ಏನೋ ಕೆಂಪು ಪಾಚಿ ಅಂದ್ಕೊಂಡಿದ್ದೆ," ಎಂದ. ಮೊದಲು ತಾನೂ ಒಂದು ಕೊಂಬೆ ಮುರಿದುಕೊಂಡು ನೀರನ್ನು ಪಟಪಟ ಬಡಿದ. "ಹಂಗ ಬಡಿಬ್ಯಾಡ, ಮರಿ ಹೆದರತಾವು. ಅಂಚಿನಾಗ ಮೆಲ್ಲಕ ಕೆದಕು," ಎಂದ ಈರಪ್ಪ. ರುದ್ರೇಶ್ ಮೆಲ್ಲಗೆ ಕೆದಕಿದ. ಜಿಲೇಬಿಗಳು ದೂರ ಸರಿದವು. ಚೆದುರಿದ ಮರಿಗಳು ಒಂದೊಂದಾಗಿ ಬಂದು ಅವನ ಕಾಲಿನ ನೆರಳಿನಲ್ಲಿ ಗುಂಪುಗೂಡತೊಡಗಿದವು.

ಭರಮಪ್ಪನಿಗೆ ಇದು ಬಾಲ್ಯದಿಂದ ಬರುತ್ತಿದ್ದ ಕೆಲಸ. ಆ ಮ್ಯಾನೇಜರಿಗಿಂತ ಹತ್ತು ಪಾಲು ಚೆನ್ನಾಗಿ ಬರುತ್ತಿತ್ತು. ಅವನನ್ನು ಯಾರೂ ಕರೆಯಲಿಲ್ಲ.

"ಹಾಂ, ಹಂಗ," ಎಂದ ಈರಪ್ಪ, ಬಗ್ಗಿ ನೋಡುತ್ತ. "ಕೈ ಐತಿ ನೋಡು ತಮ್ಮಾ ನಿನಗ."

ಎಂಟು ವರ್ಷ ಕಾದ ಮಾತು ಭರಮಪ್ಪನ ಕಣ್ಣೆದುರೇ ಇನ್ನೊಬ್ಬನಿಗೆ ಹೋಯಿತು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಒಂದು ಕಾಲನ್ನು ನೀರಿಗಿಟ್ಟ.

"ನೀ ಬರಬ್ಯಾಡ," ಎಂದ ಈರಪ್ಪ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಬಿಸಲಿಗೆ ಮೀನ ಕೆಡತೈತಿ. ಮನಿಗೆ ಒಯ್ದು, ಅಡಗಿ ಮಾಡ್ಸಿಕೊಂಡು ಉಣ್ಣು. ನಾ ಇಲ್ಲೇ ಇರ್ತೀನಿ."