ಹಿಂದಿನ ಶಟರ್‌ನ ರೆಸಿಸ್ಟರ್

ಹಿಂದಿನ ಶಟರ್‌ ಮೇಲಿದ್ದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಅಲಾರಂ ಕಂಪನಿಯ ಗುರುಬಸವ ಒಳಗೆ ಇಣುಕಿದ. ಒಳಗಿನ ಎರಡು ವೈರುಗಳ ಸಿಪ್ಪೆ ಸುಲಿದು, ಒಂದಕ್ಕೊಂದು ನೀಟಾಗಿ ತಿರುವಿ ಹಾಕಿದ್ದರು. ಕಳ್ಳ ಕೆಲಸ ಬಲ್ಲವನೇ. ಏಣಿಯ ಮೇಲೆ ನಿಂತು ಅವನ ಕೈಕೆಲಸವನ್ನು ಮೆಚ್ಚಿದ ಗುರುಬಸವನಿಗೆ, ತನ್ನ ಕೈಕೆಲಸವೂ ನೆನಪಾಯಿತು.

ತೆಲುಗು ಸೀಮೆಯ ಬಾಲಾನಗರದ ಈ ವರ್ಕ್‌ಶಾಪಿನಿಂದ ಮೊನ್ನೆ ಹಿತ್ತಾಳೆ ರಾಡುಗಳು ಕಳುವಾಗಿದ್ದವು. ಶಟರ್ ಎತ್ತಿದರೂ ಅಲಾರಂ ಸುಮ್ಮನಿತ್ತು. ಅದನ್ನು ಆಫ್ ಮಾಡುವ ಕೋಡ್ ಗೊತ್ತಿದ್ದದ್ದು ಇಬ್ಬರಿಗೇ, ಮಾಲೀಕನಿಗೆ ಮತ್ತು ವಾಚ್‌ಮನ್ ಬೂದೆಪ್ಪನಿಗೆ. ಮಾಲೀಕ ತನ್ನ ಮಾಲನ್ನು ತಾನೇ ಕದಿಯುತ್ತಾನೆಯೇ? ಅಲಾರಂ ಕಂಪನಿಯವನು ಬಂದು ಮಷಿನ್ ಸರಿ ಇದೆ ಎಂದರೆ ಸಾಕು, ಸಂಜೆಯೊಳಗೆ ಬೂದೆಪ್ಪ ಹೆಂಡತಿ ಸಮೇತ ಗೇಟಿನ ಕೋಣೆ ಖಾಲಿ ಮಾಡಬೇಕು. ಕಳ್ಳ ಎಂಬ ಹೆಸರು ಹೊತ್ತವನನ್ನು ಇನ್ನಾವ ಗೇಟಿನವರು ಒಳಗೆ ಬಿಟ್ಟುಕೊಳ್ಳುತ್ತಾರೆ!

ಬೂದೆಪ್ಪ ಶಹಾಪುರದ ಕಡೆಯವನು, ಹನ್ನೊಂದು ವರ್ಷದಿಂದ ಇಲ್ಲೇ ಇದ್ದ. ಎರಡು ವರ್ಷದ ಹಿಂದೆ ಗುರುಬಸವ ಈ ವೈರಿಂಗ್ ಮಾಡುವಾಗ ಬೆರಳು ಜಜ್ಜಿಕೊಂಡು ಕನ್ನಡದಲ್ಲಿ ಬೈದದ್ದು ಕೇಳಿ, ನಮ್ಮ ಕಡೆಯವ ಸಿಕ್ಕನೆಂದು ಹಿಗ್ಗಿಹೋಗಿದ್ದ. ನಾಲ್ಕು ದಿನ ಏಣಿ ಹಿಡಿದಿದ್ದ. ಅವನ ಹೆಂಡತಿ ಸುಗಲಮ್ಮ ನಾಲ್ಕೂ ದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಾಕಿದ್ದಳು. ಇವತ್ತು ಗೇಟಿನಲ್ಲಿ ಅವನು ಹೇಳಿದ್ದು ಇಷ್ಟೇ:

“ಇದ್ದದ್ದ ಇದ್ದಂಗ ಹೇಳು ತಮ್ಮಾ. ಮಿಷನ್ ಬಲ್ಲಾಂವ ನೀ. ನೀ ಹೇಳಿದ್ರ ಅವ್ರು ನಂಬ್ತಾರ.”

“ಹೇಳ್ತೀನಿ ಕಾಕಾ,” ಎಂದಿದ್ದ ಗುರುಬಸವ. ಹೇಳುವುದು ತನ್ನ ಮೇಲೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಪ್ರತಿ ಬಾಗಿಲಿನ ವೈರಿನ ತುದಿಯಲ್ಲೂ ಕರೆಂಟಿಗೆ ತಡೆಯೊಡ್ಡುವ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ ಕೂಡಿಸಬೇಕು. ಆಫೀಸಿನಲ್ಲಿರುವ ಕಂಟ್ರೋಲ್ ಪೆಟ್ಟಿಗೆ ವೈರಿನುದ್ದಕ್ಕೂ ಅದನ್ನೇ ಕಾಯುತ್ತಿರುತ್ತದೆ. ನಡುವೆ ಯಾರಾದರೂ ವೈರು ಕತ್ತರಿಸಲಿ, ಜೋಡಿಸಲಿ, ಕೂಗಿಬಿಡುತ್ತದೆ. ಆದರೆ ಹನ್ನೆರಡು ಬಾಗಿಲಿಗೆ ಹನ್ನೆರಡು ಸಲ ಏಣಿಯ ಮೇಲೆ ನಿಂತು ಅದನ್ನು ಕೂಡಿಸುವವರು ಯಾರು? ಎಲ್ಲ ರೆಸಿಸ್ಟರ್‌ಗಳನ್ನೂ ಕಂಟ್ರೋಲ್ ಪೆಟ್ಟಿಗೆಯ ಒಳಗೇ ಸಿಕ್ಕಿಸಿದರೆ ಕುಂತಲ್ಲೇ ಕೆಲಸ ಮುಗಿಯಿತು, ದೀಪವೂ ಹಸಿರೇ. ಕಂಪನಿಯ ಹುಡುಗರೆಲ್ಲ ಮಾಡುವುದು ಹಾಗೆಯೇ. ಗುರುಬಸವನೂ ಹಾಗೆಯೇ ಮಾಡಿದ್ದ. ಹೊರಗೆ ಕಳ್ಳ ವೈರು ಜೋಡಿಸಿದ, ಪೆಟ್ಟಿಗೆಗೆ ತನ್ನ ಹೊಟ್ಟೆಯೊಳಗಿನ ರೆಸಿಸ್ಟರ್ ಕಾಣುತ್ತಲೇ ಇತ್ತು, ಎಲ್ಲ ಕ್ಷೇಮವೆಂದು ಸುಮ್ಮನಿತ್ತು.

ತಿರುವಿದ ವೈರು ತೋರಿಸಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಮತ್ತೆ ಯಾಕೆ ಕೂಗಲಿಲ್ಲ? ಹೋದ ತಿಂಗಳಷ್ಟೇ ಅವನನ್ನು ಸೂಪರ್‌ವೈಸರ್ ಮಾಡಿದ್ದರು. ಕೊರಳಲ್ಲಿ ಹೊಸ ಐಡಿ ಕಾರ್ಡ್ ಇತ್ತು. ಮುಟ್ಟಿ ನೋಡಿಕೊಂಡ. ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಬಂದರೂ ಕೈ ನಿಲ್ಲಲಿಲ್ಲ. ತಿರುವಿದ ವೈರು ಬಿಡಿಸಿದ. ಮಾಲೀಕ ಫೋನಿನಲ್ಲಿ ಮಗ್ನನಾಗಿದ್ದಾಗ ಆಫೀಸಿಗೆ ಹೋಗಿ, ಕಂಟ್ರೋಲ್ ಪೆಟ್ಟಿಗೆಯಿಂದ ಆ ರೆಸಿಸ್ಟರ್ ಕಿತ್ತು ತಂದು, ಎರಡು ವರ್ಷದ ಹಿಂದೆ ಎಲ್ಲಿರಬೇಕಿತ್ತೋ ಅಲ್ಲಿ ಕೂಡಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮಾಲೀಕ ಬಂದು, ಯಾರಾದರೂ ಹೊರಗಿನಿಂದ ವೈರು ಜೋಡಿಸಿದ್ದರೆ ಹೇಗೆ ಎಂದು ತೆಲುಗಿನಲ್ಲಿ ಕೇಳಿದ. ಬಲ್ಲವನೇ ಅವನೂ. ಕೂಗುತ್ತದೆ ಸಾರ್, ಬೇಕಾದರೆ ನೋಡಿ, ಎಂದು ಗುರುಬಸವ ಮತ್ತೆ ಏಣಿ ಹತ್ತಿದ. ಮಾಲೀಕ ಒಳಗೆ ಹೋಗಿ ಅಲಾರಂ ಆನ್ ಮಾಡಿ ಬಂದ. ಗುರುಬಸವ ಎರಡು ವೈರುಗಳನ್ನು ಬೆರಳಲ್ಲಿ ಒತ್ತಿ ಹಿಡಿದ. ಸೈರನ್ ಇಡೀ ಗಲ್ಲಿ ಎದ್ದು ನಿಲ್ಲುವಂತೆ ಬಾಯಿ ಮಾಡಿತು. ಹಾಗಾದರೆ ಕೋಡ್ ಗೊತ್ತಿದ್ದವನದೇ ಕೆಲಸ ಎಂದು ಮಾಲೀಕ ತಲೆಯಾಡಿಸಿದ. ಇನ್ನು ಕೇಳುವುದೇನೂ ಉಳಿಯಲಿಲ್ಲ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಬೂದೆಪ್ಪ ಓಡಿಬಂದ. ಕೈಯಲ್ಲಿ ಕೋಲಿತ್ತು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಸೈರನ್ ಆದರೆ ಓಡಿಬರಬೇಕೆಂದು ಅವನಿಗೆ ಹೇಳಿಕೊಟ್ಟಿದ್ದರು.

“ಎಲ್ಲಿ ಅದಾನ್ರಿ ಸಾರ್? ಯಾ ಕಡಿ ಹೋದ?”

ಅವನು ಶಟರ್ ನೋಡಿದ, ಮಾಲೀಕನನ್ನು ನೋಡಿದ, ಆಮೇಲೆ ಮೇಲೆ ನೋಡಿದ. ಗುರುಬಸವನ ಏಣಿ ಅಲುಗಾಡುತ್ತಿತ್ತು. ಬೂದೆಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಏಣಿಯ ಕಾಲು ಹಿಡಿದುಕೊಂಡ.